ಕೇಳಿ, ತಿಳಿಯಿರಿ: ಅಂಗೈ ಅಗಲದ ಉಪಗ್ರಹ

ಪ್ರಶ್ನೆ: ಭೂತಾನಿಗೆ ಸ್ವಂತ ರಾಕೆಟ್ಟೇ ಇಲ್ಲ. ಉಪಗ್ರಹ ಹೇಗೆ ಬಂತು? (ಓದುಗರು, ಶಿವಮೊಗ್ಗ)

ಉತ್ತರ: ಒಂದಲ್ಲ, ಎರಡು ಬಂದವು. ಜಪಾನಿನ ಕ್ಯುಶು ತಾಂತ್ರಿಕ ಸಂಸ್ಥೆಯಲ್ಲಿ ಭೂತಾನಿನ ಎಂಜಿನಿಯರುಗಳು ಕಟ್ಟಿದ 'ಭೂತಾನ್-1', ಮಲೇಷ್ಯಾ ಮತ್ತು ಫಿಲಿಪ್ಪೀನ್ಸ್‌ನ ಪುಟ್ಟ ಉಪಗ್ರಹಗಳ ಜೊತೆ 2018ರ ಆಗಸ್ಟ್ 10ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿತ್ತು. ಎರಡನೆಯದರಲ್ಲಿ ಬೆಂಗಳೂರಿನ ಪಾಲಿದೆ. ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಭೂತಾನಿನವರು ತರಬೇತಿ ಪಡೆದರು. ಇಸ್ರೋ ಜೊತೆ ಸೇರಿ ರೂಪಿಸಿದ ಆ ಉಪಗ್ರಹ 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಹೋಯಿತು. ಅದರಲ್ಲಿ ಒಂದು ಕ್ಯಾಮೆರಾ, ಜೊತೆಗೆ ಹ್ಯಾಮ್ ರೇಡಿಯೋ (ಹವ್ಯಾಸಿಗಳು ಬಳಸುವ ರೇಡಿಯೋ) ಸಂದೇಶಗಳನ್ನು ದಾಟಿಸುವ ಉಪಕರಣ.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು 10 ಸೆಂ.ಮೀ. ಕ್ಯೂಬ್‌ಸ್ಯಾಟ್ (ಘನಾಕೃತಿಯ ಪುಟ್ಟ ಉಪಗ್ರಹ) ಕಟ್ಟುತ್ತಿದ್ದಾರೆ. ಇಂಥವು ಕಕ್ಷೆಗೆ ಹೋದ ಮೇಲೆ ಸದ್ದೇ ಮಾಡದೆ ಉಳಿಯುವುದು ಯಾಕೆ? (ಉಪನ್ಯಾಸಕರು, ಹುಬ್ಬಳ್ಳಿ)

ಉತ್ತರ: ಮೊದಲು ಆಂಟೆನಾ ನೋಡಿ. 435 ಮೆಗಾಹರ್ಟ್ಸ್ ರೇಡಿಯೋ ತರಂಗಕ್ಕೆ ಸುಮಾರು 17 ಸೆಂ.ಮೀ. ಉದ್ದದ ಪಟ್ಟಿ ಬೇಕು, ಪೆಟ್ಟಿಗೆ ಇರುವುದೇ 10 ಸೆಂ.ಮೀ. ಹಾಗಾಗಿ ಅಳತೆ ಟೇಪಿನಂಥ ಉಕ್ಕಿನ ಪಟ್ಟಿಯನ್ನು ಮೈಗೆ ಸುತ್ತಿ ದಾರದಿಂದ ಕಟ್ಟುತ್ತಾರೆ. ಹೊರಬಿದ್ದು 30 ನಿಮಿಷ ಕಳೆದ ಮೇಲೆ ಕರೆಂಟು ಹರಿದರೆ ಕಾಯುವ ನೈಕ್ರೋಮ್ ತಂತಿ ದಾರ ಸುಡಬೇಕು. ಟೇಬಲ್ ಮೇಲೆ ಇದು ಪ್ರತಿ ಸಲವೂ ಬಿಚ್ಚಿಕೊಳ್ಳುತ್ತದೆ; ಅದನ್ನು ನಂಬಬೇಡಿ. ಚಳಿಗೆ ಬ್ಯಾಟರಿಯ ವೋಲ್ಟೇಜ್ ಕುಸಿದರೆ ತಂತಿ ಸಾಕಷ್ಟು ಕಾಯುವುದಿಲ್ಲ. ನಿರ್ವಾತದಲ್ಲಿ ಶಾಖ ಒಯ್ಯಲು ಗಾಳಿಯಿಲ್ಲದ್ದರಿಂದ ತಂತಿ ಅತಿಯಾಗಿ ಕಾದು ತಾನೇ ತುಂಡಾಗಲೂಬಹುದು. ನಿರ್ವಾತ ಕೋಣೆಯಲ್ಲಿ, ಮೈನಸ್ 20 ಡಿಗ್ರಿಯಲ್ಲಿ, ಅರ್ಧ ಚಾರ್ಜಿನ ಬ್ಯಾಟರಿಯಲ್ಲೇ ಪರೀಕ್ಷಿಸಿ. ಒಂದರ ಬದಲು ಎರಡು ತಂತಿ ಹಾಕಿ, ಎರಡಕ್ಕೂ ಬೇರೆ ಬೇರೆ ಸರ್ಕ್ಯೂಟ್ ಕೊಡಿ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಉಡಾವಣೆಗೆ ಒಪ್ಪಿಸಿದ ಮೇಲೆ ಪೆಟ್ಟಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ, ಬ್ಯಾಟರಿ ಇಳಿದಿರುತ್ತದೆ. ಕಕ್ಷೆಯಲ್ಲಿ ಕಂಪ್ಯೂಟರ್ ಎದ್ದು ದಾರ ಸುಡಲು ಹೋಗುತ್ತದೆ, ವೋಲ್ಟೇಜ್ ಬೀಳುತ್ತದೆ, ರೀಸೆಟ್ ಆಗುತ್ತದೆ, ಮತ್ತೆ ಎದ್ದು ಮತ್ತೆ ಸುಡಲು ಹೋಗುತ್ತದೆ. ಸೌರಫಲಕ ತುಂಬಿದ್ದೆಲ್ಲ ಹೀಗೇ ಖರ್ಚಾಗುತ್ತದೆ. ಒಂದು ಮಟ್ಟದವರೆಗೆ ಚಾರ್ಜ್ ಆಗುವ ತನಕ ತಂತಿಗೂ ಟ್ರಾನ್ಸ್‌ಮಿಟರ್‌ಗೂ ಕರೆಂಟು ಹೋಗದಂತೆ ಪ್ರೋಗ್ರಾಮಿನಲ್ಲೇ ತಡೆಯಿರಿ. ಎಷ್ಟನೇ ಪ್ರಯತ್ನ ಎಂಬ ಲೆಕ್ಕ ರೀಸೆಟ್ ಆದರೂ ಅಳಿಯದ ಮೆಮೊರಿಯಲ್ಲಿರಲಿ. ಲಿಥಿಯಂ-ಅಯಾನ್ ಕೋಶಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡುತ್ತವೆ, ಅದಕ್ಕೆ ಪುಟ್ಟ ಹೀಟರ್ ಬೇಕೇ ಬೇಕು.

ಪ್ರಶ್ನೆ: ಇಂಥ ಉಪಗ್ರಹ ದಿನಕ್ಕೆ ಎಷ್ಟು ಫೋಟೊ ಕಳಿಸಬಲ್ಲದು? (ಓದುಗರು, ಕಾರವಾರ)

ಉತ್ತರ: ಬಹಳ ಕಡಿಮೆ. 400 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲೆ ಹಾದುಹೋದರೂ ಒಮ್ಮೆಗೆ ಸಿಗುವುದು 10 ನಿಮಿಷ. ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಒಂದು ಬಿಟ್ಟೂ ಕಳೆಯದೆ ಬಂದರೆ 720 ಕಿಲೋಬೈಟ್, ಅಂದರೆ ಒಂದು ಸಾಧಾರಣ ಫೋಟೊ. ಸುತ್ತಲಿನ ಬೆಟ್ಟ ದಿಗಂತದಿಂದ 20 ಡಿಗ್ರಿವರೆಗೆ ಆಕಾಶ ಮುಚ್ಚಿದರೆ ಆ 10 ನಿಮಿಷ ನಾಲ್ಕಕ್ಕೆ ಇಳಿಯುತ್ತದೆ. ಭೂತಾನಿನ ರಾಜಧಾನಿ ಥಿಂಪುವಿನಂಥ ಕಣಿವೆಯ ಊರಿಗೆ ಇದು ನಿತ್ಯದ ಲೆಕ್ಕ. ಆದ್ದರಿಂದ ಮೊದಲು ಬೆರಳಿನ ಉಗುರಿನಷ್ಟು ಪುಟ್ಟ ಚಿತ್ರ ತರಿಸಿ ಮೋಡ ಇದೆಯೇ ನೋಡಿ, ಚೆನ್ನಾಗಿದ್ದರಷ್ಟೇ ಪೂರ್ತಿ ಚಿತ್ರವನ್ನು ತುಣುಕು ತುಣುಕಾಗಿ ಇಳಿಸಿಕೊಳ್ಳಬೇಕು.