ಬೇಡ ಅಂದವನು ಯಾರು, ಟೀಚರೇ?

ಯಾರ ಸಹಾಯವೂ ಬೇಡ ಅನ್ನುವವರು ಆಪ್ತಸಲಹೆಗೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕುಂಬಳೆ ಕಡೆಯ ನಿವೃತ್ತ ಕನ್ನಡ ಟೀಚರ್. ಮನೆಮಾತು ಕೊಂಕಣಿ. ಮಗ ಗಲ್ಫ್‌ನಲ್ಲಿ, ಮನೆಯಲ್ಲಿ ಇವರು ಮತ್ತು ಸೊಸೆ. ಮಂಡಿಯ ಆಪರೇಷನ್ ಆದ ಮೇಲೆ ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದರು. ಎರಡೂ ಸಲ ರಾತ್ರಿ, ಸೊಸೆಯನ್ನು ಎಬ್ಬಿಸದೆ ಹೋಗಿ. ಡಾಕ್ಟರ್ ಗದರಿ ನನ್ನ ಹತ್ತಿರ ಕಳಿಸಿದ್ದರು.

"ಯಾರಿಗೂ ಭಾರ ಆಗಬಾರದು. ತಗ್ಗಿ ನಡೀಬೇಕು ಅಂತಲೇ ನಮಗೆ ಕಲಿಸಿದ್ದು ಅಲ್ವಾ?" ಇದು ಅವರ ಮಾತು.

ಸೊಸೆ ಹೇಳಿದ್ದು ಬೇರೆ. "ನಾನು ಬಿಸಿನೀರು ತಂದಿಟ್ಟರೆ ಅತ್ತೆ ಮುಟ್ಟೋದಿಲ್ಲ. ವಾಕರ್ ಹಿಡ್ಕೊಂಡು, ಚೊಂಬು ಚೊಂಬಾಗಿ ತಾವೇ ತಂದು ಇನ್ನೊಂದು ಬಕೆಟ್ ತುಂಬಿಸ್ತಾರೆ. ನಾನು ತಂದ ನೀರು ಅಲ್ಲೇ ಆರಿಹೋಗುತ್ತೆ. ಮದುವೆಯಾಗಿ ಐದು ವರ್ಷ ಆಯ್ತು, ಆ ಮನೇಲಿ ನಾನಿನ್ನೂ ನೆಂಟರವಳೇ."

ಮೂರನೇ ಭೇಟಿಯಲ್ಲಿ ಮಾತು ಇಗರ್ಜಿಯ, ಅಂದರೆ ಚರ್ಚಿನ, ಕಡೆ ಹೋಯಿತು. ಯೇಸು ಶಿಷ್ಯರ ಕಾಲು ತೊಳೆದ ರಾತ್ರಿಯ ನೆನಪಿಗೆ ಪವಿತ್ರ ಗುರುವಾರ ಫಾದರ್ ಕೆಲವರ ಪಾದ ತೊಳೆಯುತ್ತಾರೆ. ಹಾಗೆ ತೊಳೆಸಿಕೊಳ್ಳಲು ಮೊದಲು ನಿಯಮದ ಪ್ರಕಾರ ಗಂಡಸರೇ ಕೂರಬೇಕಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿದರು, ಹೆಂಗಸರೂ ಕೂರಬಹುದು ಅಂತಾಯಿತು. ಆಮೇಲೆ ಎರಡು ವರ್ಷ ಟೀಚರ್ ಹೆಸರು ಬಂದಿತ್ತಂತೆ. ಎರಡು ಸಲವೂ ಬೇಡ ಅಂದಿದ್ದರು. "ಫಾದರ್ ನನ್ನ ಕಾಲು ಮುಟ್ಟುವುದಾ? ನಾನು ಅಷ್ಟು ದೊಡ್ಡವಳಲ್ಲ."

ನಾನು ಕೇಳಿದೆ, "ಆ ರಾತ್ರಿ ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯಲು ಬಂದಾಗ ಬೇಡ ಅಂದವನು ಯಾರು, ಟೀಚರೇ?"

"ಪೇತ್ರ." ಥಟ್ಟನೆ ಬಂತು ಉತ್ತರ, ಕ್ಲಾಸಿನಲ್ಲಿ ಮಕ್ಕಳು ಹೇಳುವ ಹಾಗೆ.

ಆಮೇಲೆ ಮಾತಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನಾನೂ ಸುಮ್ಮನಿದ್ದೆ. ತುಂಬ ಹೊತ್ತಾದ ಮೇಲೆ, "ತೊಳೆಸಿಕೊಳ್ಳದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂದುಬಿಟ್ಟ ಯೇಸು," ಅಂತ ಮೆಲ್ಲಗೆ ಹೇಳಿ ಸೊಸೆಯ ಮುಖ ನೋಡಿದರು.

ನಾನು ಕೊಟ್ಟ ಸಲಹೆ ಸಣ್ಣದು. ರಾತ್ರಿ ಏಳುವಾಗ ಸೊಸೆಯನ್ನು ಕರೆಯಲೇಬೇಕು. ದಿನಕ್ಕೊಂದು ಕೆಲಸ ಅವಳ ಕೈಯಲ್ಲಿ ಮಾಡಿಸಿಕೊಳ್ಳಬೇಕು. ಆಮೇಲೆ "ಸುಮ್ನೆ ನಿನಗೆ ತೊಂದರೆ" ಅನ್ನಬಾರದು.

ಆಪ್ತಸಲಹೆಯಲ್ಲಿ ಬೈಬಲ್ ಯಾಕೆ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಅದನ್ನು ತಂದವರು ಟೀಚರೇ. ದೀನತೆಯ ಹೆಸರಲ್ಲಿ ಬೀಳುತ್ತಿದ್ದವರಿಗೆ ಬೇರೆ ಯಾವ ಮಾತು ನಾಟುತ್ತಿತ್ತು? ನಾನೂ ಅದೇ ವಿಶ್ವಾಸದಲ್ಲಿ ಬೆಳೆದವಳು. ಬೈಬಲಿನ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಅದರ ಹಿಂದಿನ ಅಧ್ಯಾಯದಲ್ಲೇ ಬೆಥಾನಿಯ ಮರಿಯಳು ಅವನ ಪಾದಕ್ಕೆ ಸುಗಂಧ ತೈಲ ಹಚ್ಚಿ, ತನ್ನ ಕೂದಲಿನಿಂದ ಒರೆಸುತ್ತಾಳೆ. ಅವನು ಕಾಲು ಹಿಂದೆಗೆಯಲಿಲ್ಲ. ಶಿಷ್ಯ ಜುದಾಸ್ ಆಕ್ಷೇಪಿಸಿದಾಗ ಅವಳ ಪರ ಮಾತಾಡಿದ. ಮಾಡುವುದನ್ನು ಮಾತ್ರ ದೀನತೆ ಅಂತ ಕಲಿಸಿ, ಮಾಡಿಸಿಕೊಳ್ಳುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಅದರಲ್ಲೂ ಹೆಂಗಸರಿಗೆ.

ಒಂದು ಮಾತು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ "ಇನ್ನೂ ತಗ್ಗು" ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ವಿಚಾರಣೆಯ ಹೊತ್ತಲ್ಲಿ ತನ್ನ ಕೆನ್ನೆಗೆ ಹೊಡೆದ ಕಾವಲುಗಾರನನ್ನು ಯಾಕೆ ಹೊಡೆದೆ ಅಂತ ಯೇಸುವೇ ಕೇಳಿದ್ದಾನೆ.

ಮುಂದಿನ ಭೇಟಿಗೆ ಬಂದಾಗ ಟೀಚರ್ ಬಟ್ಟೆ ಒಗೆಯಲು ಇನ್ನೂ ಸೊಸೆಗೆ ಬಿಟ್ಟಿರಲಿಲ್ಲ. ಬಿಸಿನೀರು ಮಾತ್ರ ಅವಳೇ ತರುತ್ತಾಳಂತೆ. ಹೊರಡುವಾಗ ಸೊಸೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿದಳು. ಟೀಚರ್ ಗೋಡೆ ಹಿಡಿದು ನಿಂತು, ಇನ್ನೊಂದು ಕಾಲನ್ನೂ ಮುಂದೆ ಚಾಚಿದರು.