ಪಾತ್ರಕ್ಕೆ ಇನ್ನೂ ಎಷ್ಟು ಮೈಬಣ್ಣ ಕೊಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಮೂವರು ಗೆಳೆಯರು ಸೇರಿ ಮೊಬೈಲ್‌ಗೆ ಒಂದು ಇಂಟರಾಕ್ಟಿವ್ ಕಥೆ, ಅಂದರೆ ಓದುವವರೇ ಆಯ್ಕೆ ಮಾಡುತ್ತಾ ಆಟದ ಹಾಗೆ ಮುಂದೆ ಸಾಗುವ ಕಥೆ, ಮಾಡುತ್ತಿದ್ದೀರಿ. ಅಮೆರಿಕದ ಅಟ್ಲಾಂಟಾದಲ್ಲಿ ನಡೆಯುವ ಕಾಲೇಜು ಪ್ರೇಮಕಥೆ, ಇಂಗ್ಲಿಷ್‌ನಲ್ಲಿ. ನಾಯಕಿಯ ಮುಖ, ಮೈಬಣ್ಣ, ಕೂದಲು ಎಲ್ಲ ಓದುವವರೇ ಆರಿಸಿಕೊಳ್ಳಬಹುದು. ನಾಲ್ಕು ಮೈಬಣ್ಣ ಇಟ್ಟಿದ್ದೀರಿ, ಕೊನೆಯದು ಕಡುಗಪ್ಪು. ಆದರೂ ಓದಿ ನೋಡಿದ ಇಬ್ಬರು ಬ್ಲ್ಯಾಕ್ ಹುಡುಗಿಯರು ‘ಇವಳು ನಾನಲ್ಲ’ ಎಂದುಬಿಟ್ಟರು. ಇನ್ನೂ ಎಷ್ಟು ಬಣ್ಣ ಸೇರಿಸಬೇಕು ಅಂತ ಕೇಳಿದ್ದೀರಿ.

ಬಣ್ಣ ಸೇರಿಸಿ, ಬೇಡ ಅನ್ನುವುದಿಲ್ಲ. ಆದರೆ ಅವರಿಬ್ಬರು ಹೇಳಿದ್ದು ಬಣ್ಣದ ಲೆಕ್ಕದ ಬಗ್ಗೆ ಅಂತ ನನಗೆ ಅನ್ನಿಸುತ್ತಿಲ್ಲ. ನಾನು ಬೆಂಗಳೂರಿನಲ್ಲಿ ಕೂತು ಎಂಟು ವರ್ಷ ಇಂಥ ಕಥೆಗಳಿಗೆ ಪಾತ್ರ ಬಿಡಿಸಿದ್ದೇನೆ. ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ, ಅದೂ ಸಂಬಳ ತಗೊಂಡು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಂಡದ ಪದ್ಧತಿ ಹೀಗಿತ್ತು. ಮೊದಲು ಬಿಳಿ ಹುಡುಗಿಯನ್ನು ಪೂರ್ತಿ ಬಿಡಿಸುವುದು. ಗೆರೆ, ನೆರಳು, ಹೊಳಪು, ಕೆನ್ನೆಯ ಕೆಂಪು ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಹೆಚ್ಚುಕಮ್ಮಿ ಮಾಡುವ ಸ್ಲೈಡರ್ ಎಳೆದು ಉಳಿದ ಮೂರು ಮೈಬಣ್ಣ ತೆಗೆಯುವುದು. ಅರ್ಧ ಗಂಟೆಯ ಕೆಲಸ. ಅಮೆರಿಕದಿಂದ ನಮ್ಮ ಚಿತ್ರಗಳನ್ನು ನೋಡುತ್ತಿದ್ದ ಹಿರಿಯ ಕಲಾವಿದೆಯೊಬ್ಬರಿದ್ದರು, ಅವರೂ ಬ್ಲ್ಯಾಕ್. ವಿಡಿಯೊ ಕಾಲ್‌ನಲ್ಲಿ ನನ್ನ ನಾಲ್ಕನೇ ಹುಡುಗಿಯನ್ನು ನೋಡಿ ‘ಇವಳಿಗೆ ಹುಷಾರಿಲ್ವಾ?’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ನೋಡಿದರೆ ನಿಜ. ಮೈಗೆಲ್ಲ ಬೂದಿ ಬಳಿದ ಹಾಗಿತ್ತು. ನೆರಳಿಗೆ ನಾವು ಇಟ್ಟಿದ್ದು ನೇರಳೆ ಬೆರೆತ ಬೂದು, ಮಲ್ಟಿಪ್ಲೈ ಲೇಯರ್‌ನಲ್ಲಿ, ಅಂದರೆ ಕೆಳಗಿನ ಬಣ್ಣವನ್ನು ಗಾಢ ಮಾಡುವ ಪದರದಲ್ಲಿ. ಬಿಳಿ ಮೈಮೇಲೆ ಅದು ಚೆಂದ ಕಾಣುತ್ತದೆ. ಕಡುಕಂದು ಮೈಮೇಲೆ ಅದೇ ಲೇಯರ್ ಒಳಗಿನ ಬಣ್ಣವನ್ನೆಲ್ಲ ನುಂಗಿ ಕೆಸರು ಮಾಡುತ್ತದೆ. ಕಪ್ಪು ಚರ್ಮದಲ್ಲಿ ಕೆಂಪಿದೆ, ಹೊನ್ನಿದೆ, ಕೆಲವರದು ನೀಲಿಯ ಕಡೆಗೆ ವಾಲುತ್ತದೆ. ಅದರ ನೆರಳಿಗೆ ಬೂದು ಬೇಡ, ಕೆಂಪು ಬೆರೆತ ಕಡುಕಂದು ಹಾಕಿ ನೋಡಿ. ಹೊಳಪನ್ನು ಧಾರಾಳವಾಗಿ ಕೊಡಿ. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆ ಇವೆಲ್ಲ ಕಪ್ಪು ಮೈಯಲ್ಲಿ ಬೆಳಕನ್ನು ಚೆನ್ನಾಗಿ ಎತ್ತಿ ತೋರಿಸುತ್ತವೆ. ಅಂಗೈ ತಿಳಿಯಾಗಿರುತ್ತದೆ, ಅದನ್ನು ಮರೆತರೆ ಕೈಗವಸು ಹಾಕಿದ ಹಾಗಿರುತ್ತದೆ. ಎಷ್ಟೋ ಜನರಿಗೆ ಮೇಲ್ತುಟಿ ಒಂದು ಬಣ್ಣ, ಕೆಳತುಟಿ ಇನ್ನೊಂದು. ಹುಬ್ಬಿಗೂ ರೆಪ್ಪೆಗೂ ಅಚ್ಚ ಕಪ್ಪು ಗೆರೆ ಎಳೆದಿದ್ದರೆ ಕಣ್ಣೇ ಕಾಣೆಯಾಗುತ್ತದೆ. ಒಟ್ಟಿನಲ್ಲಿ ಆ ಹುಡುಗಿಯನ್ನು ಮೊದಲಿನಿಂದ ಬಿಡಿಸಬೇಕು. ಸ್ಲೈಡರ್ ಎಳೆದರೆ ಆಗುವುದಿಲ್ಲ.

ಇದು ಇಂದಿನ ರೋಗವೇನೂ ಅಲ್ಲ. ಬಣ್ಣದ ಫೋಟೊ ಬಂದ ಕಾಲದಲ್ಲಿ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ‘ಶರ್ಲಿ ಕಾರ್ಡ್’ ಅಂತ ಅದಕ್ಕೆ ಹೆಸರೇ ಬಿದ್ದಿತ್ತು. ಅವಳ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ ಎಂಬ ಲೆಕ್ಕ. ಕಪ್ಪು ಮಕ್ಕಳ ಫೋಟೊದಲ್ಲಿ ಹಲ್ಲು, ಕಣ್ಣು ಬಿಟ್ಟರೆ ಬೇರೇನೂ ಕಾಣದೇ ಇದ್ದದ್ದಕ್ಕೆ ಇದೂ ಒಂದು ಕಾರಣ. ನಮ್ಮ ಸ್ಲೈಡರ್ ಪದ್ಧತಿಯೂ ಒಂಥರಾ ಶರ್ಲಿ ಕಾರ್ಡೇ.

ಈಗ ಎಷ್ಟು ಬಣ್ಣ ಎಂಬುದಕ್ಕೆ ಬರುತ್ತೇನೆ. ಎಮೊಜಿಗಳಿಗೆ 2015ರಲ್ಲಿ ಐದು ಮೈಬಣ್ಣ ಬಂದವಲ್ಲ, ಅವುಗಳ ಮೂಲ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು 1975ರಲ್ಲಿ ಮಾಡಿದ ಅಳತೆ. ಯಾರ ಚರ್ಮ ಬಿಸಿಲಿಗೆ ಸುಡುತ್ತದೆ, ಯಾರದು ಕಂದುತ್ತದೆ ಅಂತ ನೋಡಲು ಮಾಡಿದ್ದು ಅದು. ಮೊದಲು ಅದರಲ್ಲಿ ಇದ್ದದ್ದು ಬಿಳಿಯರ ನಾಲ್ಕೇ ವಿಧ. ಕಂದು, ಕಪ್ಪು ಮೈಗಳು ಐದು, ಆರು ಅಂತ ಆಮೇಲೆ ಬಾಲಕ್ಕೆ ಸೇರಿದವು. ಹಾಗಾಗಿ ಆ ಅಳತೆಯಲ್ಲಿ ತಿಳಿಬಣ್ಣಗಳ ನಡುವೆ ಸೂಕ್ಷ್ಮ ಜಾಸ್ತಿ, ಕಡುಬಣ್ಣಗಳ ನಡುವೆ ಕಮ್ಮಿ. ನಿಮ್ಮ ನಾಲ್ಕು ಬಣ್ಣಗಳೂ ಹಾಗೇ ಇರಬಹುದು, ಮೂರು ತಿಳಿ, ಒಂದು ಕಡು. 2022ರಲ್ಲಿ ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ಅವರು ಗೂಗಲ್ ಜೊತೆ ಸೇರಿ 10 ಬಣ್ಣದ ಅಳತೆಯೊಂದನ್ನು ತಂದರು. ಯಾರು ಬೇಕಾದರೂ ಬಳಸಬಹುದು, ದುಡ್ಡಿಲ್ಲ. ಅಲ್ಲಿಂದ ಶುರು ಮಾಡಿ, ಸಾಕು. ಆ ಬಣ್ಣಗಳಿಗೆ ಚಾಕೊಲೇಟು, ಕಾಫಿ ಅಂತ ತಿಂಡಿ ಹೆಸರು ಮಾತ್ರ ಇಡಬೇಡಿ, ಬ್ಲ್ಯಾಕ್ ಓದುಗರು ಅದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. (ಮದುವೆ ಜಾಹೀರಾತಿನಲ್ಲಿ ‘ಗೋಧಿ ಬಣ್ಣ’ ಎಂದು ಬರೆಯುವ ನಾವು ಇದನ್ನು ಹೇಳಬೇಕಾಗಿದೆ ನೋಡಿ.)

ದೊಡ್ಡ ಆಟಗಳೂ ಇಲ್ಲಿ ಎಡವಿವೆ. ‘ಆ್ಯನಿಮಲ್ ಕ್ರಾಸಿಂಗ್’ ಸರಣಿಯ ಮುಖ್ಯ ಆಟಗಳಲ್ಲಿ 2020ಕ್ಕೆ ಮುಂಚೆ ನಿಮ್ಮ ಪಾತ್ರದ ಮೈಬಣ್ಣ ಆರಿಸಲು ಆಗುತ್ತಿರಲಿಲ್ಲ. ಮೈ ಕಪ್ಪಗಿರಬೇಕೆಂದರೆ ಆಟದೊಳಗಿನ ಬಿಸಿಲಿನಲ್ಲಿ ಹೊತ್ತು ಕಳೆಯಬೇಕಿತ್ತು! ‘ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ’ ಎಂಬ ನಮ್ಮಮ್ಮನ ಮಾತಿನ ಮೇಲೆ ಯಾರೋ ಆಟ ಕಟ್ಟಿದ ಹಾಗಿದೆ. ‘ದಿ ಸಿಮ್ಸ್ 4’ ಬಂದದ್ದು 2014ರಲ್ಲಿ. ಅದರ ಕಡುಬಣ್ಣಗಳು ಬೂದಿ ಬೂದಿಯಾಗಿವೆ ಅಂತ ಆಡುವವರು ವರ್ಷಗಟ್ಟಲೆ ದೂರಿದರು. ಅಮೀರಾ ವರ್ಜಿಲ್ ಎಂಬ ಬ್ಲ್ಯಾಕ್ ಆಟಗಾರ್ತಿ ಕಾಯುತ್ತಾ ಕೂರದೆ ತಾವೇ ಮೈಬಣ್ಣಗಳನ್ನು ಮಾಡಿ ‘ಮೆಲನಿನ್ ಪ್ಯಾಕ್’ ಅಂತ ಹಂಚಿದರು. ಕಂಪನಿ 100ಕ್ಕೂ ಹೆಚ್ಚು ಹೊಸ ಬಣ್ಣ ಸೇರಿಸಿದ್ದು 2020ರ ಡಿಸೆಂಬರ್‌ನಲ್ಲಿ.

ಆದರೆ ನನ್ನ ಆ ಹಿರಿಯ ಸಹೋದ್ಯೋಗಿ ಒಂದು ಮಾತು ಹೇಳಿದ್ದರು. ಪಾತ್ರ ಆರಿಸುವಾಗ ತಾವು ಮೊದಲು ತೆರೆಯುವುದು ಕೂದಲಿನ ಪುಟವಂತೆ. ಮೈಬಣ್ಣ ಹೇಗೂ ಒಂದಲ್ಲ ಒಂದು ಇರುತ್ತದೆ. ತನ್ನಂಥವಳು ಬರುತ್ತಾಳೆ ಅಂತ ಇವರು ಯೋಚಿಸಿದ್ದರೋ ಇಲ್ಲವೋ ಎಂಬುದು ಕೂದಲಲ್ಲಿ ಗೊತ್ತಾಗುತ್ತದೆ.

ನಾನು ಬಿಡಿಸಿದ ಮೊದಲ ಆಫ್ರೋ, ಅಂದರೆ ತಲೆಯ ಸುತ್ತ ದುಂಡಗೆ ಹರಡಿದ ಗುಂಗುರು ಕೂದಲು, ಹೂಕೋಸಿನ ಹಾಗಿತ್ತು. ಒಂದು ದುಂಡು, ಅಂಚಿಗೆ ಗುಂಗುರು ಗೆರೆ, ಮುಗೀತು. ಎರಡನೆಯದು ‘ಬ್ರೇಡ್ಸ್’. ಅದನ್ನು ನಮ್ಮ ಎರಡು ಜಡೆಯ ಹಾಗೆ ಹಾಕಿದ್ದೆ. ಬಾಕ್ಸ್ ಬ್ರೇಡ್ಸ್ ಅಂದರೆ ತಲೆಯನ್ನು ಚೌಕ ಚೌಕವಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೆ ಒಂದೊಂದು ಸಣ್ಣ ಜಡೆ. ಹಾಕಿಸಿಕೊಳ್ಳಲು ಗಂಟೆಗಟ್ಟಲೆ ಕೂರಬೇಕು, ವಾರಗಟ್ಟಲೆ ಇರುತ್ತದೆ. ಕಾರ್ನ್‌ರೋಸ್‌ನಲ್ಲಿ ಜಡೆ ನೆತ್ತಿಗೆ ಅಂಟಿಕೊಂಡೇ ಸಾಲಾಗಿ ಸಾಗುತ್ತದೆ. ಕೂದಲು ಹಗ್ಗದ ಹಾಗೆ ಹೆಣೆದು ಗಟ್ಟಿಯಾಗುವ ಲಾಕ್ಸ್ ಬೇರೆ, ಎರಡೆಳೆ ಹೊಸೆಯುವ ಟ್ವಿಸ್ಟ್ಸ್ ಬೇರೆ. ಹಣೆಯಂಚಿನ ಸಣ್ಣ ಕೂದಲನ್ನು ಜೆಲ್ ಹಚ್ಚಿ ಸುರುಳಿ ಮಾಡಿ ಕೂರಿಸುತ್ತಾರೆ, ಅದಕ್ಕೆ ‘ಎಡ್ಜಸ್’ ಅನ್ನುತ್ತಾರೆ. ರಾತ್ರಿ ಮಲಗುವಾಗ ಸ್ಯಾಟಿನ್ ಬಾನೆಟ್ ಎಂಬ ನುಣುಪು ಬಟ್ಟೆಯ ಟೋಪಿ ಹಾಕಿಕೊಳ್ಳುತ್ತಾರೆ, ಇಲ್ಲದಿದ್ದರೆ ದಿಂಬಿಗೆ ಉಜ್ಜಿ ಕೂದಲು ಹಾಳು. ನಿಮ್ಮ ಕಥೆಯಲ್ಲಿ ಹಾಸ್ಟೆಲ್ ರೂಮು ಇದೆ ಎಂದಿರಿ. ಅಲ್ಲಿ ಒಂದು ಬಾನೆಟ್ ಬಿಡಿಸಿದರೆ ಹತ್ತು ಹೊಸ ಮೈಬಣ್ಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಕೂದಲಿಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನಬಹುದು. ಅಮೆರಿಕದಲ್ಲಿ ಸಹಜ ಕೂದಲು, ಜಡೆ, ಲಾಕ್ಸ್ ಇಟ್ಟುಕೊಂಡದ್ದಕ್ಕೆ ಶಾಲೆಯಿಂದ ಮಕ್ಕಳನ್ನು ಮನೆಗೆ ಕಳಿಸಿದ್ದಾರೆ, ಕೆಲಸ ತಪ್ಪಿಸಿದ್ದಾರೆ. ಇದನ್ನು ತಡೆಯಲು ‘ಕ್ರೌನ್ ಆ್ಯಕ್ಟ್’ ಎಂಬ ಕಾನೂನೇ ಬೇಕಾಯಿತು. ಮೊದಲು ತಂದದ್ದು ಕ್ಯಾಲಿಫೋರ್ನಿಯ, 2019ರಲ್ಲಿ. ಅಷ್ಟು ಪಾಡುಪಟ್ಟ ಕೂದಲು ಆಟದಲ್ಲಿ ಹೂಕೋಸಾಗಿ ಬಂದರೆ ಹೇಗನ್ನಿಸಬೇಡ?

ಮಾದರಿ ಬೇಕಿದ್ದರೆ ಇವೆ. ಎ. ಎಂ. ಡಾರ್ಕ್ ಎಂಬ ಕಲಾವಿದರು ಶುರು ಮಾಡಿದ ‘ಓಪನ್ ಸೋರ್ಸ್ ಆಫ್ರೋ ಹೇರ್ ಲೈಬ್ರರಿ’ಯಲ್ಲಿ ಬ್ಲ್ಯಾಕ್ ಕಲಾವಿದರು ಮಾಡಿದ 3ಡಿ ಕೂದಲುಗಳಿವೆ. 2023ರಲ್ಲಿ ಡವ್ ಕಂಪನಿ ಅವರ ಜೊತೆ ಸೇರಿ ‘ಕೋಡ್ ಮೈ ಕ್ರೌನ್’ ಎಂಬ ಕೈಪಿಡಿ ಹೊರತಂದಿತು, ಅದೂ ಉಚಿತ. ನಿಮ್ಮದು 2ಡಿ ಆದರೂ ಜಡೆ ಎಲ್ಲಿಂದ ಹುಟ್ಟುತ್ತದೆ, ಹೇಗೆ ಬೀಳುತ್ತದೆ ಅಂತ ನೋಡಿ ಕಲಿಯಲು ಚೆನ್ನಾಗಿದೆ.

ಇನ್ನೊಂದು, ಇದು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಿಮ್ಮ ಕಥೆಯಲ್ಲಿ ಕೆಲವು ಕೂದಲಿಗೆ ವಜ್ರ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ, ಖರ್ಚು ಮಾಡಬೇಕು ಎಂದಿರಿ. ಬಿಡಿಸಲು ಜಾಸ್ತಿ ಹೊತ್ತು ಹಿಡಿಯಿತು ಅಂತ ಬಾಕ್ಸ್ ಬ್ರೇಡ್ಸ್‌ಗೆ ದುಡ್ಡು, ನೀಳ ಕೂದಲು ಪುಕ್ಕಟೆ ಅಂತ ಮಾಡಬೇಡಿ. ನಾವು ಹಾಗೆ ಮಾಡಿ ಬೈಸಿಕೊಂಡಿದ್ದೇವೆ. ತನ್ನ ತಲೆ ತನ್ನದಾಗಿರಲು ಒಬ್ಬಳು ಮಾತ್ರ ಯಾಕೆ ದುಡ್ಡು ಕೊಡಬೇಕು?

ಬರಹಕ್ಕೂ ಒಂದು ಸುತ್ತು ಕಣ್ಣು ಹಾಯಿಸಿ. ‘ಅವಳ ಮುಖ ಕೆಂಪಾಯಿತು’, ‘ಭಯಕ್ಕೆ ಬಿಳಿಚಿಕೊಂಡಳು’, ‘ಅವನು ಅವಳ ಕೂದಲಲ್ಲಿ ಬೆರಳಾಡಿಸಿದ’. ಕಡುಗಪ್ಪು ಬಣ್ಣ, ಕಾರ್ನ್‌ರೋಸ್ ಆರಿಸಿಕೊಂಡವಳಿಗೆ ಈ ಮೂರೂ ಸಾಲು ಬೇರೆ ಯಾರ ಬಗ್ಗೆಯೋ ಬರೆದ ಹಾಗಿರುತ್ತದೆ. ಅದರಲ್ಲೂ ಕೇಳದೆ ಕೂದಲು ಮುಟ್ಟುವುದು ಅಲ್ಲಿ ಪ್ರೀತಿಯ ಗುರುತಲ್ಲ, ಜಗಳದ ಶುರು. ‘ಕೆನ್ನೆ ಬಿಸಿಯಾಯಿತು’ ಎಂದು ಬರೆದರೆ ಎಲ್ಲರಿಗೂ ಹೊಂದುತ್ತದೆ. ಕೂದಲಿನ ಸಾಲಿಗೆ ಒಂದು ವೇರಿಯಬಲ್ ಇಟ್ಟು ಆಯ್ಕೆಗೆ ತಕ್ಕ ಹಾಗೆ ಬದಲಿಸಿ. ನಾಯಕಿಯ ಅಪ್ಪ ಅಮ್ಮನ ಚಿತ್ರವೂ ಅವಳ ಮೈಬಣ್ಣಕ್ಕೆ ತಕ್ಕ ಹಾಗೆ ಬದಲಾಗಬೇಕು, ಇಲ್ಲದಿದ್ದರೆ ಮೂರನೇ ದೃಶ್ಯದಲ್ಲೇ ಅವಳು ದತ್ತುಮಗಳಾಗುತ್ತಾಳೆ.

ಆಮೇಲೆ, ಊರು ಅಟ್ಲಾಂಟಾ ಅಲ್ವಾ? ಆ ನಗರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬ್ಲ್ಯಾಕ್. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು ಅಲ್ಲೇ, ಅವರು ಓದಿದ ಮೋರ್‌ಹೌಸ್ ಕಾಲೇಜು ಇರುವುದೂ ಅಲ್ಲೇ. 1881ರಿಂದ ನಡೆಯುತ್ತಿರುವ ಸ್ಪೆಲ್‌ಮನ್ ಎಂಬ ಬ್ಲ್ಯಾಕ್ ಹೆಣ್ಣುಮಕ್ಕಳ ಕಾಲೇಜೂ ಇದೆ. ನೀವು ಹಾಕಿರುವ ಚಿತ್ರದಲ್ಲಿ ನಾಯಕಿಯ ಗೆಳತಿ, ಪ್ರೇಮಿ, ಪ್ರೊಫೆಸರು ಎಲ್ಲರೂ ಬಿಳಿಯರು. ಅವರ ಬಣ್ಣವನ್ನು ನೀವೇ ಆರಿಸಿದ್ದು, ಓದುಗರಲ್ಲ. ಆ ಊರಿನಲ್ಲಿ ಅವಳೊಬ್ಬಳೇ ಕಪ್ಪಗಿದ್ದರೆ ಓದುವ ಹುಡುಗಿಗೆ ಅನುಮಾನ ಬಾರದೇ ಇರುತ್ತದೆಯೇ?

ನನಗೆ ಇದೆಲ್ಲ ತಡವಾಗಿ ಹೊಳೆದದ್ದಕ್ಕೆ ಒಂದು ಕಾರಣವಿದೆ. ನಾನು ಎಣ್ಣೆಗಪ್ಪು. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತು ಕೇಳುತ್ತಲೇ ಬೆಳೆದವಳು. ಹಾಗಾಗಿ ಬ್ಲ್ಯಾಕ್ ಹುಡುಗಿಯನ್ನು ಬಿಡಿಸಲು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಹುಂಬತನ ಇತ್ತು. ನಮ್ಮ ಮನೆಯ ‘ಆದರೂ’ ಬೇರೆ, ಅವರದು ಬೇರೆ. ನನ್ನ ಕೂದಲಿಗೆ ಯಾವ ಶಾಲೆಯೂ ತಕರಾರು ಮಾಡಿರಲಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕ ಮೂಲದ ಸಿದ್ದಿ ಹುಡುಗಿಯೊಬ್ಬಳು ನಾಳೆ ನಿಮ್ಮ ಕಥೆ ತೆರೆದರೂ ನನ್ನ ಕೂದಲಲ್ಲಿ ತನ್ನನ್ನು ಕಾಣುವುದಿಲ್ಲ. ಅವಳೂ ಕನ್ನಡದವಳೇ.

ಕೊನೆಗೆ ನಿಮ್ಮ ಈಜುಕೊಳದ ದೃಶ್ಯ. ಪ್ರೇಮಿ ತಮಾಷೆಗೆ ನಾಯಕಿಯನ್ನು ನೀರಿಗೆ ತಳ್ಳುತ್ತಾನೆ, ಅವಳು ಮೇಲೆ ಬರುತ್ತಾಳೆ, ಒದ್ದೆ ಕೂದಲು ಕೆನ್ನೆಗೆ ಅಂಟಿದೆ, ನಾಚಿ ನಗುತ್ತಾಳೆ ಅಂತ ಬರೆದಿದ್ದೀರಿ. ಬೆಳಗ್ಗೆಯೆಲ್ಲ ಕೂತು ಕೂದಲನ್ನು ಬಿಸಿ ಮಾಡಿ ನೇರ ಮಾಡಿಸಿಕೊಂಡು ಬಂದವಳು ಅವಳಾಗಿದ್ದರೆ, ನೀರು ತಾಗಿದ ಕೂಡಲೇ ಅದು ಸುರುಳಿಗೆ ವಾಪಸು. ದುಡ್ಡೂ ನೀರಲ್ಲಿ, ದಿನವೂ ನೀರಲ್ಲಿ. ಅವಳು ನಾಚುವುದಿಲ್ಲ, ಅವನಿಗೆ ಸರಿಯಾಗಿ ಬಯ್ಯುತ್ತಾಳೆ. ಆ ಬೈಗುಳ ಹೇಗಿರಬೇಕು ಅಂತ ಆ ಇಬ್ಬರು ಹುಡುಗಿಯರನ್ನೇ ಕೇಳಿ. ಸುಮ್ನೆ ಕೇಳಬೇಡಿ, ಅವರ ಸಮಯಕ್ಕೆ ದುಡ್ಡು ಕೊಟ್ಟು ಕೇಳಿ.