ಹೋಗದಿರಲು ಸಿಕ್ಕ ಸರ್ಕಾರಿ ಅಪ್ಪಣೆ

"ಲಾಕ್‌ಡೌನ್ ದಿನಗಳಲ್ಲಿ ನಿಮ್ಮ ದಿನನಿತ್ಯದ ಬದುಕಿಗೆ ನೀವು ಎಣಿಸಿರದ ಒಳ್ಳೆಯದೇನಾದರೂ ಆಯಿತೇ?" ಎಂದು ಕೇಳಿದ್ದೀರಿ. ಶುದ್ಧ ಗಾಳಿಯ ಬಗ್ಗೆ, ಬೆಳಗಿನ ಹಕ್ಕಿಗಳ ಬಗ್ಗೆ ಬೇರೆಯವರು ಬರೆಯುತ್ತಾರೆ, ನಾನು ಅದಕ್ಕೆ ಹೋಗುವುದಿಲ್ಲ. ನನಗಾದ ಲಾಭವನ್ನು ಬಾಯಿಬಿಟ್ಟು ಹೇಳಿದರೆ ನಮ್ಮ ನೆಂಟರಲ್ಲಿ ಕೆಲವರು ಮುಖ ಊದಿಸಿಕೊಳ್ಳುವುದು ಖಂಡಿತ. ಆದರೂ ಹೇಳುತ್ತೇನೆ. 2020ರ ಬೇಸಿಗೆಯಲ್ಲಿ ನಾನು ಒಂದೇ ಒಂದು ಮದುವೆಗೂ ಹೋಗಲಿಲ್ಲ. ಹೋಗದೇ ಇದ್ದುದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಯೂ ಬರಲಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ನೀವು ಶಾಲಾ ಶಿಕ್ಷಕಿಯಾಗಿರಬೇಕು, ಜೊತೆಗೆ ದೊಡ್ಡ ಬಳಗದ ಮನೆಯ ಸೊಸೆಯೂ ಆಗಿರಬೇಕು. ನಾನು ಎರಡೂ ಹೌದು. ಮೈಸೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಬೇಸಿಗೆ ರಜೆ ಮತ್ತು ಮದುವೆಯ ಲಗ್ನಗಳು ಒಂದೇ ಸಮಯಕ್ಕೆ ಬೀಳುತ್ತವೆ. ಬ್ಯಾಂಕಿನಲ್ಲಿರುವ ನನ್ನ ಗಂಡನಿಗೆ "ಅವರಿಗೆ ರಜೆ ಸಿಗಲಿಲ್ಲವಂತೆ, ಪಾಪ" ಎಂಬ ರಿಯಾಯಿತಿ ಉಂಟು. ನನಗೆ ಸಿಗುವುದು, "ನಿಮಗೇನಮ್ಮ, ಹೇಗೂ ರಜೆ. ಹಿಂದಿನ ದಿನವೇ ಬಂದುಬಿಡಿ" ಎಂಬ ಆಜ್ಞೆ. ಹಾಗಾಗಿ ಯುಗಾದಿ ಕಳೆಯಿತೆಂದರೆ ನನ್ನ ರಜೆ ಛತ್ರಗಳ ಪಾಲು. ರೇಷ್ಮೆ ಸೀರೆ ಉಟ್ಟು ಬೆವರುವುದು, ವೇದಿಕೆಯ ಮುಂದೆ ಸಾಲಿನಲ್ಲಿ ನಿಂತು ಒಂದು ಫೋಟೊಗೆ ಮುಖ ಕೊಡುವುದು, ಊಟದ ಮನೆಯಲ್ಲಿ ಮಜ್ಜಿಗೆಯವರೆಗೆ ಬಂದವರು ಯಾರೆಂದು ಗುರುತಿಸಿ ಅವರ ಬೆನ್ನ ಹಿಂದೆ ಕುರ್ಚಿ ಕಾಯುವುದು, ಕೊನೆಗೆ ತೆಂಗಿನಕಾಯಿಯ ತಾಂಬೂಲದ ಚೀಲ ಹಿಡಿದು ಆಟೊ ಹುಡುಕುವುದು. ಆ ಚೀಲದಲ್ಲಿ ಬರುವ ರವಿಕೆ ಕಣಗಳಲ್ಲಿ ಕೆಲವು ಊರೆಲ್ಲ ಸುತ್ತಿ ಮರಳಿ ನಮ್ಮ ಮನೆಗೇ ಬಂದಿವೆ ಎಂಬ ಗುಮಾನಿ ನನಗಿದೆ.

ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಂತು. ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಹತ್ತಿರದ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ ಮೈಸೂರು ಕೆಂಪು ವಲಯಕ್ಕೆ ಸೇರಿದ್ದರಿಂದ ನಮ್ಮಲ್ಲಿ ಬಿಗಿ ಸ್ವಲ್ಪ ಹೆಚ್ಚೇ ಇತ್ತು. ಫ್ರಿಜ್ಜಿನ ಮೇಲೆ ಪೇರಿಸಿಟ್ಟಿದ್ದ ಲಗ್ನಪತ್ರಿಕೆಗಳು ಒಂದೊಂದಾಗಿ ಬೆಲೆ ಕಳೆದುಕೊಂಡವು. ಏಪ್ರಿಲ್ 26ರ ಅಕ್ಷಯ ತೃತೀಯ ಭಾನುವಾರ ಬಿದ್ದಿತ್ತು. ಬೇರೆ ವರ್ಷವಾಗಿದ್ದರೆ ಆ ಒಂದೇ ದಿನ ಊರಿನ ಮೂರು ಮೂಲೆಗಳ ಮೂರು ಛತ್ರಗಳಿಗೆ ಹಾಜರಿ ಹಾಕಬೇಕಿತ್ತು. ಆ ಭಾನುವಾರ ನಾನು ಮಧ್ಯಾಹ್ನ ಹುಳಿಯನ್ನ ತಿಂದು ಸಂಜೆ ನಾಲ್ಕರವರೆಗೆ ಮಲಗಿದ್ದೆ. ಎದ್ದಾಗ ನನ್ನ ಮೇಲೆ ಯಾರ ಋಣವೂ ಇರಲಿಲ್ಲ.

ಮೇ ತಿಂಗಳಿನಿಂದ ಐವತ್ತು ಜನರ ಮಿತಿಯೊಳಗೆ ಮದುವೆ ಮಾಡಬಹುದು ಎಂದಾಯಿತು. ಈ ಐವತ್ತು ಎಂಬುದು ನಮ್ಮ ಸಮಾಜಕ್ಕೆ ಯಾವ ಸುಧಾರಕರೂ ಕೊಡಲಾಗದ ವರವನ್ನು ಕೊಟ್ಟಿತು. "ಅವರನ್ನು ಕರೆದರೆ ಇವರನ್ನು ಬಿಡುವುದು ಹೇಗೆ" ಎಂಬ ತಲೆನೋವಿಗೆ ಪೊಲೀಸರ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ನನ್ನ ಗಂಡನ ಸೋದರಸಂಬಂಧಿಯೊಬ್ಬರು ಮಗಳ ಮದುವೆಗೆ ಸಾವಿರ ಜನರ ಛತ್ರ ಗೊತ್ತು ಮಾಡಿದ್ದವರು, ಕೊನೆಗೆ ಮನೆಯ ಅಂಗಳದಲ್ಲಿ ಚಪ್ಪರ ಹಾಕಿಸಿ ಧಾರೆ ಎರೆದರು. ಛತ್ರದವರು ಮುಂಗಡ ಹಿಂತಿರುಗಿಸಲು ತಿಂಗಳುಗಟ್ಟಲೆ ಸತಾಯಿಸಿದರು, ಅದು ಬೇರೆ ಕಥೆ. ಆದರೆ ಮದುವೆಗೆಂದು ಮಾಡಬೇಕೆಂದಿದ್ದ ಸಾಲವನ್ನು ಅವರು ಮಾಡಲೇ ಇಲ್ಲ. ನಿವೃತ್ತಿಯ ಹಣ ಬ್ಯಾಂಕಿನಲ್ಲೇ ಉಳಿಯಿತು. ಈಗಲೂ ಅವರು ಆ ಮದುವೆಯ ಮಾತು ಬಂದರೆ "ಸಂಕಟದಲ್ಲಿ ಮಾಡಿದ್ದು" ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅವರ ಹೆಂಡತಿ ಮಾತ್ರ ಪಕ್ಕದಲ್ಲಿ ನಿಂತು ಮುಗುಳ್ನಗುತ್ತಾರೆ.

ಆ ಮದುವೆಯನ್ನು ನಾವು ನೋಡಿದ್ದು ಮೊಬೈಲಿನಲ್ಲಿ. ವಾಟ್ಸ್ಆ್ಯಪ್‌ಗೆ ಲಿಂಕ್ ಬಂತು. ನಮ್ಮ ಅತ್ತೆ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಮೈಸೂರು ಸಿಲ್ಕ್ ಸೀರೆ ಉಟ್ಟು, ತಟ್ಟೆಯಲ್ಲಿ ಅಕ್ಷತೆ ಇಟ್ಟುಕೊಂಡು ಕುಳಿತರು. ಅರ್ಧ ಹೊತ್ತು ಪುರೋಹಿತರ ಬೆನ್ನೇ ಕಾಣುತ್ತಿತ್ತು. ಅಮೆರಿಕದಲ್ಲಿದ್ದ ಹುಡುಗಿಯ ಚಿಕ್ಕಪ್ಪ ಅಲ್ಲಿನ ರಾತ್ರಿಯ ಉಡುಪಿನಲ್ಲೇ ಕಾಣಿಸಿಕೊಂಡು ಎಲ್ಲರನ್ನೂ ಮಾತನಾಡಿಸಿದರು. ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಯಿತು. ಅತ್ತೆ ಒಂದು ಕ್ಷಣವೂ ತಡಮಾಡದೆ ಮೊಬೈಲಿನ ಮೇಲೇ ಅಕ್ಷತೆ ಹಾಕಿ, "ಎಲ್ಲಿಂದ ಹಾಕಿದರೂ ತಲುಪುತ್ತದೆ" ಎಂದರು. ಮುಯ್ಯಿಯನ್ನು ಮೊಬೈಲಿನಲ್ಲೇ ಕಳುಹಿಸಿದ್ದಾಯಿತು. ಸೊನ್ನೆಗಳ ಹಿಂದೆ ಆ ಒಂದು ರೂಪಾಯಿ ಸೇರಿಸಲು ಮರೆಯಬಾರದೆಂದು ಅವರು ನನ್ನ ಬೆನ್ನಿಗೆ ನಿಂತು ನೋಡಿಕೊಂಡರು.

ನನ್ನ ಮಟ್ಟಿಗೆ ನಿಜವಾದ ಲಾಭ ಶುರುವಾದದ್ದು ಅಂದೇ. ಮುಯ್ಯಿಯ ಮಾತು ಬಂದ ಮೇಲೆ ಅತ್ತೆ ತಮ್ಮ ಟ್ರಂಕಿನಿಂದ ಮುಯ್ಯಿ ಪುಸ್ತಕ ತೆಗೆದರು. ಮನೆಯ ಪ್ರತಿ ಶುಭಕಾರ್ಯಕ್ಕೂ ಯಾರು ಏನು ಕೊಟ್ಟರು ಎಂದು ಬರೆದಿಟ್ಟ, ಬೈಂಡು ಕಿತ್ತುಹೋದ ಲೆಕ್ಕದ ಪುಸ್ತಕ. ಅದನ್ನು ನಾನು ಮೊದಲೂ ನೋಡಿದ್ದೆ, ಮದುವೆಗೆ ಹೊರಡುವ ಗಡಿಬಿಡಿಯಲ್ಲಿ "ಅವರು ನಮಗೆ ಎಷ್ಟು ಹಾಕಿದ್ದರು?" ಎಂದು ಹುಡುಕುವುದಕ್ಕೆ ಮಾತ್ರ. ಈ ಸಲ ಹೊರಡುವುದಕ್ಕೆ ಎಲ್ಲಿಯೂ ಇರಲಿಲ್ಲ. ಪಾತ್ರೆ ತೊಳೆದು ಮುಗಿದ ಮಧ್ಯಾಹ್ನಗಳಲ್ಲಿ ಅವರು ಪುಟ ತಿರುಗಿಸುತ್ತ ಓದಿದರು, ನಾನು ಕೇಳಿದೆ. ಎಪ್ಪತ್ತರ ದಶಕದ ಪುಟಗಳಲ್ಲಿ ಐದು ರೂಪಾಯಿ, ಹನ್ನೊಂದು ರೂಪಾಯಿ. ಒಬ್ಬರು ಒಂದು ಸ್ಟೀಲ್ ಲೋಟ, ಮತ್ತೊಬ್ಬರು ಗೋಡೆ ಗಡಿಯಾರ. ಒಂದು ಮದುವೆಗೆ ನಾಲ್ಕು ಗೋಡೆ ಗಡಿಯಾರ ಬಂದಿದ್ದವಂತೆ, ಮೂರನ್ನು ಮುಂದಿನ ಮದುವೆಗಳಿಗೆ ದಾಟಿಸಿದರಂತೆ. ಒಂದು ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಕೇಳಿದೆ. ಆ ಹೆಂಗಸು ಗಂಡ ತೀರಿಹೋಗಿ ಕೈಯಲ್ಲಿ ಕಾಸಿಲ್ಲದೆ, ಮೂರು ದಿನ ಇದ್ದು ಅಡುಗೆಮನೆಯ ಕೆಲಸವೆಲ್ಲ ಮಾಡಿ ಹೋಗಿದ್ದರು. ಅದನ್ನು ರೂಪಾಯಿಯಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ನಮ್ಮ ಮಾವ ಹೆಸರಷ್ಟೇ ಬರೆದು ಬಿಟ್ಟಿದ್ದರು.

ಆ ಹೆಂಗಸಿನ ಮಗ ಈಗ ಹಾಸನದಲ್ಲಿದ್ದಾರೆ ಎಂದು ಯಾರೋ ಹೇಳಿದರು. ನಂಬರು ಹುಡುಕಿ ಅತ್ತೆ ಫೋನು ಮಾಡಿದರು. ಒಂದು ಗಂಟೆಗೂ ಮೀರಿ ಮಾತಾಯಿತು. ಅಲ್ಲಿಂದ ಮುಂದೆ ಇದೇ ಅಭ್ಯಾಸವಾಯಿತು. ಪುಸ್ತಕದಲ್ಲಿ ಒಂದು ಹೆಸರು, ಸಂಜೆ ಒಂದು ಫೋನು. ಛತ್ರಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಎದುರಾಗಿ "ಊಟ ಆಯಿತಾ? ಮಕ್ಕಳು ಏನು ಓದುತ್ತಿದ್ದಾರೆ?" ಎಂಬ ಎರಡೇ ಪ್ರಶ್ನೆಗಳಲ್ಲಿ ಮುಗಿಸುತ್ತಿದ್ದ ನೆಂಟರ ಜೊತೆ ನಾನೂ ಮೊದಲ ಬಾರಿಗೆ ನಿಜವಾಗಿ ಮಾತನಾಡಿದೆ. ನನ್ನ ಗಂಡನ ದೊಡ್ಡಮ್ಮನ ಮಗಳೊಬ್ಬರಿಗೆ ಕಟ್ಟಿರುವೆ, ಜೇಡಗಳ ಬಗ್ಗೆ ಅಷ್ಟು ತಿಳಿವಳಿಕೆ ಇದೆ ಎಂದು ಇಪ್ಪತ್ತು ವರ್ಷಗಳ ನೆಂಟಸ್ತಿಕೆಯಲ್ಲಿ ನನಗೆ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ವಾಲಗದ ಸದ್ದಿನಲ್ಲಿ ಜೇಡದ ಮಾತು ಯಾರು ತೆಗೆಯುತ್ತಾರೆ?

ಇಷ್ಟೆಲ್ಲ ಹೇಳಿದ ಮೇಲೆ ವಾಲಗದವರ ಮಾತನ್ನೂ ಆಡಬೇಕು. ನನ್ನ ಬಿಡುವು ಬಿಟ್ಟಿಯಾಗಿ ಬಂದದ್ದಲ್ಲ, ಬೇರೆ ಯಾರದೋ ವರಮಾನದಿಂದ ಕಳೆದು ಬಂದದ್ದು. ವಾಲಗದವರು, ಛತ್ರದಲ್ಲಿ ಎಲೆ ಎತ್ತುವವರು, ಚಪ್ಪರ ಕಟ್ಟುವವರು, ಸೀಸನ್ನಿನ ಮೂರು ತಿಂಗಳ ದುಡಿಮೆಯಲ್ಲಿ ವರ್ಷ ದೂಡುವವರು ಎಷ್ಟೋ ಜನ. ಕೊಳ್ಳುವವರಿಲ್ಲದೆ ಸೇವಂತಿಗೆ, ಚೆಂಡುಹೂವಿನ ತೋಟಗಳನ್ನು ರೈತರು ಉತ್ತುಹಾಕಿದರು. ಮೇ 6ರಂದು ರಾಜ್ಯ ಸರ್ಕಾರ ಘೋಷಿಸಿದ 1,610 ಕೋಟಿ ರೂಪಾಯಿಯ ಪರಿಹಾರದಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಎಂದಿತ್ತು. ಪತ್ರಿಕೆಯಲ್ಲಿ ಬಂದ ಆ ಪಟ್ಟಿಯಲ್ಲಿ ನಾನು ಮದುವೆಯ ಅಡುಗೆಯವರನ್ನು ಹುಡುಕಿದೆ, ಕಾಣಲಿಲ್ಲ.

ಹುಡುಕಿದ್ದು ಏಕೆಂದರೆ ನಮ್ಮ ಬೀದಿಯಲ್ಲೇ ಒಬ್ಬರು ಅಡುಗೆ ಭಟ್ಟರಿದ್ದಾರೆ. ಸಾವಿರ ಜನಕ್ಕೆ ಬಿಸಿಬೇಳೆಬಾತ್ ಮಾಡುವ ಕೈ. ಎರಡು ವಾರ ಅವರು ಗೇಟಿನ ಬಳಿ ಸುಮ್ಮನೆ ನಿಂತಿರುತ್ತಿದ್ದರು. ಮೂರನೆಯ ವಾರ ಅವರ ಹೆಂಡತಿ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಹೋಳಿಗೆ ಎಂದು ದರದ ಸಮೇತ ಹಾಕಿದರು. ನಾಲ್ಕು ಹೋಳಿಗೆಗೆ ಎಷ್ಟು ಹೂರಣ ರುಬ್ಬಬೇಕೆಂಬ ಲೆಕ್ಕವೇ ಭಟ್ಟರಿಗೆ ಹತ್ತುತ್ತಿರಲಿಲ್ಲವಂತೆ, ಅವರ ಅಳತೆಯೆಲ್ಲ ಮಣ, ಮೂಟೆಗಳಲ್ಲಿ. ಮೊದಲ ಸಲ ನಾವು ಕೇಳಿದ್ದಕ್ಕಿಂತ ದುಪ್ಪಟ್ಟು ಹೋಳಿಗೆ ಬಂತು. ಮದುವೆಮನೆಯಲ್ಲಿ ಆರಿ, ಬಡಿಸುವ ಹೊತ್ತಿಗೆ ತೊಗಲಾಗುವ ಹೋಳಿಗೆಯನ್ನೇ ಜೀವಮಾನವಿಡೀ ತಿಂದ ನಾವು, ಅದೇ ಕೈಯ ಹೋಳಿಗೆಯನ್ನು ಕಾವಲಿಯಿಂದ ಇಳಿಸಿದ ಹತ್ತೇ ನಿಮಿಷಕ್ಕೆ ತುಪ್ಪ ಹಾಕಿಕೊಂಡು ತಿಂದೆವು. ಅವರ ಮನೆ ನಡೆದದ್ದು ಇದರಿಂದ ಎಂದರೆ ಅತಿಯಾದೀತು. ಗ್ಯಾಸಿಗೂ ಹಾಲಿಗೂ ಆಯಿತು ಎಂದು ಅವರೇ ಹೇಳುತ್ತಿದ್ದರು.

ಇನ್ನೊಂದು ಲೆಕ್ಕವೂ ಇದೆ. ಮದುವೆಗೆ ಐವತ್ತು ಜನ ಎಂದ ಅದೇ ಆದೇಶ ಶವಸಂಸ್ಕಾರಕ್ಕೆ ಇಪ್ಪತ್ತು ಎಂದಿತ್ತು. ಅದೇ ವರ್ಷದ ಜುಲೈನಲ್ಲಿ ನನ್ನ ಚಿಕ್ಕಮ್ಮ ತುಮಕೂರಿನಲ್ಲಿ ತೀರಿಕೊಂಡರು. ನನ್ನನ್ನು ಎತ್ತಿ ಆಡಿಸಿದವರು. ಇಪ್ಪತ್ತರಲ್ಲಿ ನನ್ನ ಹೆಸರು ಬರುವಂತಿರಲಿಲ್ಲ, ಬರಬೇಕೆಂದು ಕೇಳುವ ಧೈರ್ಯವೂ ಆಗಲಿಲ್ಲ. ಅಲ್ಲಿಯೂ ಯಾರೂ ಕಾರಣ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇದನ್ನು ಲಾಭದ ಕಡೆಯ ಯಾವ ಮೊತ್ತಕ್ಕೂ ವಜಾ ಹಾಕಲು ನನಗೆ ಬರುವುದಿಲ್ಲ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ದಸರೆಯ ವಿಷಯ ಹೇಳದೆ ಮೈಸೂರಿನವರ ಉತ್ತರ ಮುಗಿಯುವುದಿಲ್ಲ. ಹೊರಗಿನವರಿಗೆ ದಸರೆ ಎಂದರೆ ಅಂಬಾರಿ, ದೀಪಾಲಂಕಾರ. ಮೈಸೂರಿನಲ್ಲಿ ಸ್ವಂತ ಮನೆ ಇರುವವರಿಗೆ ಅದು ಹತ್ತು ದಿನದ ಉಚಿತ ವಸತಿಗೃಹ ನಡೆಸುವ ಕೆಲಸ. ಬಚ್ಚಲಿನ ಮುಂದೆ ಸಾಲು, ಹಾಲ್ ತುಂಬ ಹಾಸಿಗೆ, ಪ್ರತಿ ತಂಡಕ್ಕೂ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಹೊಸದಾಗಿ ತೋರಿಸುವ ಭಾಗ್ಯ. 2020ರಲ್ಲಿ ಅಧಿಕಮಾಸ ಬಂದು ದಸರೆ ಅಕ್ಟೋಬರ್ ಕೊನೆಗೆ ಸರಿದಿತ್ತು. ಅಕ್ಟೋಬರ್ 26ರ ಜಂಬೂಸವಾರಿ ಬನ್ನಿಮಂಟಪದವರೆಗೆ ಹೋಗದೆ ಅರಮನೆಯ ಆವರಣದಲ್ಲೇ ಮುಗಿಯಿತು, ನೋಡಲು ಬಿಟ್ಟದ್ದು ಮುನ್ನೂರು ಜನರನ್ನು. ಅಭಿಮನ್ಯು ಅಂಬಾರಿ ಹೊತ್ತ ಮೊದಲ ವರ್ಷ ಅದು. ಅರಮನೆಯಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿದ್ದ ನಾವು ಅದನ್ನು ಟಿವಿಯಲ್ಲಿ ನೋಡಿದೆವು. ಆನೆಯ ಕಣ್ಣಿನ ರೆಪ್ಪೆ ಕೂಡ ಕಾಣುತ್ತಿತ್ತು. ರಸ್ತೆಬದಿಯಲ್ಲಿ ನಾಲ್ಕು ತಾಸು ನಿಂತ ವರ್ಷಗಳಲ್ಲಿ ನನಗೆ ಕಂಡದ್ದು ಮುಂದಿನವರ ಹೆಗಲ ಮೇಲಿನ ಮಗುವಿನ ಟೋಪಿ.

ಈಗ ಎಲ್ಲ ಮೊದಲಿನಂತಾಗಿದೆ. 2022ರ ದಸರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ ಸಲ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆಗಳಂತೂ ತಡೆಹಿಡಿದದ್ದಕ್ಕೆ ಬಡ್ಡಿ ಸೇರಿಸಿ ನಡೆಯುತ್ತಿವೆ. ಆದರೂ ನನ್ನಲ್ಲಿ ಒಂದು ಬದಲಾವಣೆ ಉಳಿದಿದೆ. ಪತ್ರಿಕೆ ಕೊಡಲು ಬಂದವರಿಗೆ, "ಮದುವೆ ದಿನ ನೀವು ನನ್ನ ಜೊತೆ ಮಾತನಾಡುವುದಕ್ಕೆ ಆಗುವುದಿಲ್ಲ, ಮುಂದಿನ ತಿಂಗಳು ಹುಡುಗ ಹುಡುಗಿಯನ್ನು ಕರೆದುಕೊಂಡು ಊಟಕ್ಕೆ ಬನ್ನಿ" ಎನ್ನುತ್ತೇನೆ. ಕೆಲವರು ಬರುತ್ತಾರೆ. ಕೆಲವರಿಗೆ ಸಿಟ್ಟು ಬಂದಿದೆ, ಅತ್ತೆ ಅವರನ್ನು ಫೋನಿನಲ್ಲಿ ಸಮಾಧಾನಪಡಿಸುತ್ತಾರೆ. ಬಂದವರಿಗೆ ಹೋಳಿಗೆ ಮಾತ್ರ ನಾನೇ ತಟ್ಟಬೇಕು. ಭಟ್ಟರಿಗೆ ಈಗ ಲಗ್ನಗಳು ಒಂದರ ಮೇಲೊಂದು, ನಾಲ್ಕು ಹೋಳಿಗೆಯ ಗಿರಾಕಿಗಳನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ.